ಯಂತ್ರಕ್ಕೆ ಶಾಖೆಗಳಿಲ್ಲ: ಮೆಕ್ಯಾನಿಕಲ್ ಓದುವ ಮಕ್ಕಳು ವಿದ್ಯುತ್ತನ್ನೂ ಕಲಿಯಲಿ

ನಾವು ಮೆಕ್ಯಾನಿಕಲ್ ಇಂಜಿನಿಯರಿಂಗಿನ ಎರಡನೇ ವರ್ಷದಲ್ಲಿದ್ದಾಗ ಒಂದು ದಿನ ಬೆಳಿಗ್ಗೆ ಮನೆಯ ಬಾವಿಯ ಪಂಪು ಕೈಕೊಟ್ಟಿತು. ಸ್ವಿಚ್ ಹಾಕಿದರೆ ಗುಂಯ್ ಎಂದು ಸದ್ದು ಮಾಡುತ್ತಿತ್ತೇ ಹೊರತು ತಿರುಗುತ್ತಿರಲಿಲ್ಲ. "ನೀನು ಓದುತ್ತಿರುವುದು ಇದನ್ನೇ ಅಲ್ಲವಾ ಮಗಾ, ಸ್ವಲ್ಪ ನೋಡು" ಎಂದರು ಉಮ್ಮ. ಪಂಪಿನ ವಿಷಯದಲ್ಲಿ ನಮಗೆ ಅಂಜಿಕೆ ಇರಲಿಲ್ಲ. ಇಂಪೆಲ್ಲರ್, ಸೀಲ್, ಬೇರಿಂಗ್ ಎಲ್ಲದರ ಚಿತ್ರವನ್ನು ಪರೀಕ್ಷೆಯಲ್ಲಿ ಬರೆದು ಒಳ್ಳೆಯ ಅಂಕ ತೆಗೆದಿದ್ದೆವು. ಪಂಪನ್ನು ಪೂರ್ತಿ ಬಿಚ್ಚಿದೆವು, ಒರೆಸಿದೆವು, ಗ್ರೀಸ್ ಹಾಕಿದೆವು, ಮತ್ತೆ ಜೋಡಿಸಿದೆವು. ಅಷ್ಟರಲ್ಲಿ ಮಧ್ಯಾಹ್ನ ದಾಟಿತ್ತು. ಸ್ವಿಚ್ ಹಾಕಿದರೆ ಮತ್ತೆ ಅದೇ ಗುಂಯ್.

ಸಂಜೆ ವಯರಿಂಗ್ ಕೆಲಸದ ಕಾಕ ಬಂದರು. ಮೋಟಾರಿನ ಮೈಮೇಲಿದ್ದ ಡಬ್ಬಿಯಂಥ ಕೆಪಾಸಿಟರನ್ನು ಬದಲಿಸಿದರು. ಹತ್ತು ನಿಮಿಷದಲ್ಲಿ ನೀರು ಬಂತು. ಹೋಗುವಾಗ ಅವರು ಹೇಳಿದ ಮಾತು ನಮಗೆ ಕಾಲೇಜಿನ ಎಷ್ಟೋ ಪಾಠಗಳಿಗಿಂತ ಚೆನ್ನಾಗಿ ನೆನಪಿದೆ: "ಮೊದಲು ಕರೆಂಟ್ ತೆಗೆದು, ಮೋಟಾರಿನ ಹಿಂದಿನ ಫ್ಯಾನನ್ನು ಕೈಯಲ್ಲಿ ತಿರುಗಿಸಿ ನೋಡಬೇಕು. ತಿರುಗದೆ ಬಿಗಿಯಾಗಿದ್ದರೆ ದೋಷ ನಿನ್ನ ಕಡೆಯದು. ಸಲೀಸಾಗಿ ತಿರುಗಿದರೆ ನನ್ನ ಕಡೆಯದು."

ಯಂತ್ರ ಕೆಡುವಾಗ 'ನಾನು ಮೆಕ್ಯಾನಿಕಲ್', 'ನಾನು ಎಲೆಕ್ಟ್ರಿಕಲ್' ಎಂದು ಹೇಳಿ ಕೆಡುವುದಿಲ್ಲ. ಶಾಖೆಗಳಿರುವುದು ಕಾಲೇಜಿನಲ್ಲಿ ಮಾತ್ರ. ಒಂದೇ ಕಡೆಯನ್ನು ಬಲ್ಲವನಿಗೆ, ದೋಷ ಯಾವ ಕಡೆಯದು ಎಂಬುದೇ ತಿಳಿಯುವುದಿಲ್ಲ. ಈ ಲೇಖನದಲ್ಲಿ ನಾವು ಹೇಳಬಯಸುವುದು ಇಷ್ಟೇ. ನಮ್ಮ ಮನೆಗಳ ಅನೇಕ ಮಕ್ಕಳು ಮೆಕ್ಯಾನಿಕಲ್ ಡಿಪ್ಲೊಮಾ ಮತ್ತು ಬಿ.ಇ. ಓದುತ್ತಿರುವುದರಿಂದ ಇದನ್ನು ಸ್ವಲ್ಪ ವಿವರವಾಗಿಯೇ ನೋಡೋಣ.

'ಪಾಸಾದರೆ ಸಾಕು' ಎಂಬ ಪತ್ರಿಕೆ

ಸಾಮಾನ್ಯವಾಗಿ ಇಂಜಿನಿಯರಿಂಗಿನ ಆರಂಭದಲ್ಲೇ ಎಲೆಕ್ಟ್ರಿಕಲ್ ಮತ್ತು ಎಲೆಕ್ಟ್ರಾನಿಕ್ಸ್‌ನ ಮೂಲಪಾಠ ಬರುತ್ತದೆ. ಮೆಕ್ಯಾನಿಕಲ್ ಮಕ್ಕಳು ಅದನ್ನು ಪಾಸಾಗಿ ಮರೆಯಬೇಕಾದ ಪತ್ರಿಕೆ ಎಂದೇ ಭಾವಿಸುತ್ತಾರೆ. ಹಳೆಯ ಪ್ರಶ್ನೆಗಳನ್ನು ಬಾಯಿಪಾಠ ಮಾಡಿ ದಾಟಿಬಿಡುತ್ತಾರೆ. ನಾವೂ ಹಾಗೇ ದಾಟಿದವರು.

ಆದರೆ ಕೆಲಸದ ಸ್ಥಳ ಬದಲಾಗಿದೆ. 2020ರ ಏಪ್ರಿಲ್ 1ರಿಂದ ಬಿಎಸ್-6 ನಿಯಮ ಜಾರಿಗೆ ಬಂದ ಮೇಲೆ ಹೊಸ ಪೆಟ್ರೋಲ್ ಬೈಕುಗಳಲ್ಲಿ ಬಹುಪಾಲು ಕಾರ್ಬ್ಯುರೇಟರ್ ಹೋಗಿ ಫ್ಯೂಯೆಲ್ ಇಂಜೆಕ್ಷನ್ ಬಂತು. ಎಷ್ಟು ಪೆಟ್ರೋಲ್ ಚಿಮ್ಮಬೇಕು ಎಂಬುದನ್ನು ಈಗ ನಿರ್ಧರಿಸುವುದು ಸೆನ್ಸರುಗಳಿಂದ ಸುದ್ದಿ ಪಡೆಯುವ ಒಂದು ಚಿಕ್ಕ ಕಂಪ್ಯೂಟರ್. ಸ್ಕ್ರೂ ತಿರುಗಿಸಿ ಟ್ಯೂನಿಂಗ್ ಮಾಡುತ್ತಿದ್ದ ಗ್ಯಾರೇಜಿನವರು ಸ್ಕ್ಯಾನರ್ ಹಿಡಿಯಬೇಕಾಯಿತು. ಸಿಎನ್‌ಸಿ ಯಂತ್ರದಲ್ಲಿ ಉಳಿಯನ್ನು ನಡೆಸುವುದು ಸರ್ವೋ ಮೋಟಾರ್. ಅದು ಎಲ್ಲಿದೆ ಎಂದು ಹೇಳುವುದು ಎನ್‌ಕೋಡರ್. ಲಿಫ್ಟ್, ಏಸಿ, ಪ್ಯಾಕಿಂಗ್ ಯಂತ್ರ, ಬ್ಯಾಟರಿ ಸ್ಕೂಟರ್ ಯಾವುದನ್ನು ತೆಗೆದುಕೊಂಡರೂ ಅರ್ಧ ಉಕ್ಕು, ಅರ್ಧ ವಿದ್ಯುತ್ತು. ಅರ್ಧವನ್ನಷ್ಟೇ ಬಲ್ಲ ಹುಡುಗ ಸಂದರ್ಶನದಲ್ಲಿ ಅರ್ಧ ಪ್ರಶ್ನೆಗಳಿಗೆ ಸುಮ್ಮನಿರಬೇಕಾಗುತ್ತದೆ.

ಮನೆಯ ಟ್ಯಾಂಕಿನಿಂದ ಶುರುಮಾಡೋಣ

ವಿದ್ಯುತ್ತು ಕಣ್ಣಿಗೆ ಕಾಣುವುದಿಲ್ಲ, ಹಾಗಾಗಿ ಅರ್ಥವಾಗುವುದಿಲ್ಲ ಎಂದು ಮೆಕ್ಯಾನಿಕಲ್ ಮಕ್ಕಳು ಹೇಳುತ್ತಾರೆ. ಆದರೆ ಅದರ ಬಹುಭಾಗ ಅವರಿಗೆ ಈಗಾಗಲೇ ಬೇರೆ ಹೆಸರಿನಲ್ಲಿ ಗೊತ್ತಿದೆ.

ತಾರಸಿಯ ಮೇಲಿನ ನೀರಿನ ಟ್ಯಾಂಕನ್ನು ನೆನೆಯಿರಿ. ಟ್ಯಾಂಕ್ ಎತ್ತರದಲ್ಲಿದ್ದಷ್ಟೂ ನಳ್ಳಿಯಲ್ಲಿ ಒತ್ತಡ ಹೆಚ್ಚು. ಆ ಒತ್ತಡವೇ ವೋಲ್ಟೇಜ್. ಒಂದು ಸೆಕೆಂಡಿನಲ್ಲಿ ಪೈಪಿನಲ್ಲಿ ಹರಿಯುವ ನೀರಿನ ಪ್ರಮಾಣವೇ ವಿದ್ಯುತ್ ಪ್ರವಾಹ. ಅದರ ಅಳತೆ ಆಂಪಿಯರ್. ಪೈಪು ಸಪೂರವಾದಷ್ಟು, ಉದ್ದವಾದಷ್ಟು ನೀರಿಗೆ ಅಡ್ಡಿ. ಅದೇ ರೋಧ, ಅದರ ಅಳತೆ ಓಮ್. ಒತ್ತಡ ಹೆಚ್ಚಿದರೆ ಹರಿವು ಹೆಚ್ಚು, ಅಡ್ಡಿ ಹೆಚ್ಚಿದರೆ ಹರಿವು ಕಡಿಮೆ. ಜರ್ಮನಿಯ ಗೇಯಾರ್ಗ್ ಓಮ್ 1827ರಲ್ಲಿ ಪ್ರಕಟಿಸಿದ ನಿಯಮದ ಸಾರ ಇಷ್ಟೇ: ವೋಲ್ಟೇಜನ್ನು ರೋಧದಿಂದ ಭಾಗಿಸಿದರೆ ಪ್ರವಾಹ ಸಿಗುತ್ತದೆ.

ಇದನ್ನು ಮನೆಯ ಗೀಸರಿಗೆ ಹಚ್ಚಿ ನೋಡಿ. ವೋಲ್ಟೇಜನ್ನು ಪ್ರವಾಹದಿಂದ ಗುಣಿಸಿದರೆ ಶಕ್ತಿ, ಅಂದರೆ ವ್ಯಾಟ್. 2000 ವ್ಯಾಟ್‌ನ ಗೀಸರ್ 230 ವೋಲ್ಟ್‌ನಲ್ಲಿ ಸುಮಾರು 8.7 ಆಂಪಿಯರ್ ಎಳೆಯುತ್ತದೆ. ಫೋನ್ ಚಾರ್ಜ್ ಮಾಡುವ ಚಿಕ್ಕ ಸಾಕೆಟ್ ಇರುವುದು 6 ಆಂಪಿಯರಿಗೆ. ಗೀಸರಿಗೆ ದೊಡ್ಡ ಪಿನ್ನಿನ ಬೇರೆ ಸಾಕೆಟ್ ಏಕೆ ಎಂಬುದಕ್ಕೆ ಉತ್ತರ ಸಿಕ್ಕಿತು. ಪ್ಲಗ್ಗಿನೊಳಗೆ ತಂತಿ ಸಡಿಲವಾಗಿ, ಆ ಜಾಗದಲ್ಲಿ ಬರೀ ಅರ್ಧ ಓಮ್ ರೋಧ ಸೇರಿಕೊಂಡಿತು ಎಂದುಕೊಳ್ಳಿ. ಪ್ರವಾಹದ ವರ್ಗವನ್ನು ರೋಧದಿಂದ ಗುಣಿಸಿದರೆ ಅಲ್ಲಿ ಹುಟ್ಟುವ ಶಾಖ ಸುಮಾರು 36 ವ್ಯಾಟ್. ತವರ ಕರಗಿಸುವ ಸಾಮಾನ್ಯ ಸೋಲ್ಡರಿಂಗ್ ಐರನ್ 25 ವ್ಯಾಟ್‌ನದು. ಪ್ಲಗ್ಗು ಕಪ್ಪಾಗಿ ಕರಗುವುದು ಈ ಲೆಕ್ಕದಿಂದಲೇ.

ಸ್ಪ್ರಿಂಗ್, ಫ್ಲೈವೀಲ್, ಡ್ಯಾಂಪರ್

ಮೆಕ್ಯಾನಿಕಲ್ ಮಕ್ಕಳಿಗೆ ಇನ್ನೊಂದು ಅನುಕೂಲವಿದೆ. ಕಂಪನಗಳ ಪಾಠದಲ್ಲಿ ಅವರು ದ್ರವ್ಯರಾಶಿ, ಸ್ಪ್ರಿಂಗ್, ಡ್ಯಾಂಪರ್ ಇರುವ ಸಮೀಕರಣವನ್ನು ಬಿಡಿಸುತ್ತಾರೆ. ವಿದ್ಯುತ್ ಮಂಡಲದಲ್ಲಿ ಬರುವುದೂ ಅದೇ ಸಮೀಕರಣ. ಅಕ್ಷರಗಳು ಮಾತ್ರ ಬೇರೆ.

ಸ್ಪ್ರಿಂಗ್ ಒತ್ತಿದಾಗ ಶಕ್ತಿಯನ್ನು ಹಿಡಿದಿಟ್ಟುಕೊಂಡು, ಬಿಟ್ಟಾಗ ಮರಳಿಸುತ್ತದೆ. ಕೆಪಾಸಿಟರ್ ಮಾಡುವುದು ಅದನ್ನೇ. ಒತ್ತಿದ ಸ್ಪ್ರಿಂಗಿನ ಹತ್ತಿರ ಎಚ್ಚರವಾಗಿರುವಂತೆ, ಕರೆಂಟ್ ತೆಗೆದ ಮೇಲೂ ಕೆಪಾಸಿಟರನ್ನು ಮುಟ್ಟುವಾಗ ಎಚ್ಚರ ಬೇಕು. ಅದರೊಳಗೆ ವಿದ್ಯುತ್ತು ಉಳಿದಿರಬಹುದು. ಫ್ಲೈವೀಲ್ ತಿರುಗಲು ಶುರುವಾದರೆ ತಕ್ಷಣ ನಿಲ್ಲುವುದಿಲ್ಲ. ತಂತಿಯ ಸುರುಳಿ, ಅಂದರೆ ಇಂಡಕ್ಟರ್, ಪ್ರವಾಹದ ವಿಷಯದಲ್ಲಿ ಹಾಗೆಯೇ. ಓಡುವ ಫ್ಲೈವೀಲಿಗೆ ಹಠಾತ್ತನೆ ಅಡ್ಡ ಹಿಡಿದರೆ ಪೆಟ್ಟು ಬೀಳುವಂತೆ, ಸುರುಳಿಯ ಪ್ರವಾಹವನ್ನು ಹಠಾತ್ತನೆ ಕಡಿದರೆ ಸ್ವಿಚ್ಚಿನಲ್ಲಿ ಕಿಡಿ ಹಾರುತ್ತದೆ. ಡ್ಯಾಂಪರ್ ಚಲನೆಯನ್ನು ಶಾಖ ಮಾಡಿ ಮುಗಿಸುತ್ತದೆ. ರೋಧ ಪ್ರವಾಹಕ್ಕೆ ಮಾಡುವುದೂ ಅದನ್ನೇ. ಈ ಮೂರು ಹೋಲಿಕೆ ಮನಸ್ಸಿನಲ್ಲಿ ಕುಳಿತರೆ ಮೊದಲ ವರ್ಷದ ಪುಸ್ತಕದ ಅರ್ಧದಷ್ಟು ಭಯ ಹೋಗುತ್ತದೆ.

ಗುಂಯ್ ಸದ್ದಿನ ಅರ್ಥ

ಈಗ ನಮ್ಮ ಪಂಪಿಗೆ ಮರಳೋಣ. ಮನೆಗೆ ಬರುವ ಸಿಂಗಲ್ ಫೇಸ್ ವಿದ್ಯುತ್ತು ಸೆಕೆಂಡಿಗೆ 50 ಬಾರಿ ಹಿಂದೆ ಮುಂದೆ ಆಡುತ್ತದೆ. ಅದರಿಂದ ಮೋಟಾರಿನೊಳಗೆ ಹುಟ್ಟುವ ಕಾಂತಬಲ ಒಂದೇ ಗೆರೆಯಲ್ಲಿ ಹೋಗಿ ಬರುತ್ತದೆ, ಸುತ್ತುವುದಿಲ್ಲ. ಸೈಕಲ್ಲಿನ ಪೆಡಲ್ ನೇರ ಮೇಲಿರುವಾಗ ಎಷ್ಟೇ ಬಲವಾಗಿ ಕೆಳಕ್ಕೆ ಒತ್ತಿದರೂ ಸೈಕಲ್ ಕದಲುವುದಿಲ್ಲ. ಪಕ್ಕಕ್ಕೆ ಒಂದಿಷ್ಟು ನೂಕಿದರೆ ತಕ್ಷಣ ಹೊರಡುತ್ತದೆ. ಮೋಟಾರಿನಲ್ಲಿ ಆ ಪಕ್ಕದ ನೂಕು ಕೊಡಲು ಎರಡನೆಯ ಸುರುಳಿ ಇದೆ. ಅದರ ಪ್ರವಾಹವನ್ನು ಮೊದಲನೆಯದಕ್ಕಿಂತ ಸುಮಾರು ಕಾಲು ಸುತ್ತಿನಷ್ಟು ಮುಂದಿಡುವುದು ಕೆಪಾಸಿಟರಿನ ಕೆಲಸ. ಕೆಪಾಸಿಟರ್ ಸತ್ತರೆ ಪಕ್ಕದ ನೂಕಿಲ್ಲ. ಒತ್ತಡ ಇದೆ, ತಿರುಗುವಿಕೆ ಇಲ್ಲ. ಅದೇ ಗುಂಯ್.

ಆ ಸದ್ದು ಕೇಳಿದ ಕೂಡಲೇ ಸ್ವಿಚ್ ತೆಗೆಯಬೇಕು. ನಿಂತ ಮೋಟಾರು ಓಡುವ ಮೋಟಾರಿಗಿಂತ ಹಲವು ಪಟ್ಟು ಪ್ರವಾಹ ಎಳೆಯುತ್ತದೆ. ಸ್ವಲ್ಪ ಹೊತ್ತು ಬಿಟ್ಟರೂ ವೈಂಡಿಂಗ್ ಸುಟ್ಟುಹೋಗುತ್ತದೆ. ಕೆಪಾಸಿಟರಿನ ಚಿಕ್ಕ ಖರ್ಚಿನಲ್ಲಿ ಮುಗಿಯಬೇಕಾದ್ದು ರಿವೈಂಡಿಂಗಿನ ದೊಡ್ಡ ಖರ್ಚಾಗುತ್ತದೆ. ಬೇಸಿಗೆಯಲ್ಲಿ ವೋಲ್ಟೇಜ್ ಇಳಿದಾಗ ಪಂಪು ಏಳಲು ಒದ್ದಾಡುವುದನ್ನೂ ನೀವು ನೋಡಿರಬಹುದು. ಮೋಟಾರಿನ ತಿರುಚುಬಲ ವೋಲ್ಟೇಜಿನ ವರ್ಗವನ್ನು ಅನುಸರಿಸುತ್ತದೆ. 230 ಇರಬೇಕಾದಲ್ಲಿ 180 ವೋಲ್ಟ್ ಬಂದರೆ ಉಳಿಯುವ ಬಲ ಶೇಕಡಾ 61 ಮಾತ್ರ.

ಮೋಟಾರಿನ ಮೇಲಿನ ತಗಡಿನ ಪಟ್ಟಿಯನ್ನು ಓದುವುದೇ ಒಂದು ಒಳ್ಳೆಯ ಪಾಠ. 1 ಎಚ್‌ಪಿ, 2880 ಆರ್‌ಪಿಎಂ, 50 ಹರ್ಟ್ಸ್ ಎಂದು ಬರೆದಿದೆ ಎಂದುಕೊಳ್ಳಿ. ಎರಡು ಧ್ರುವದ ಮೋಟಾರಿನಲ್ಲಿ 50 ಹರ್ಟ್ಸ್‌ಗೆ ಕಾಂತಬಲ ನಿಮಿಷಕ್ಕೆ 3000 ಸುತ್ತು ಸುತ್ತುತ್ತದೆ. ಶಾಫ್ಟು ಅದಕ್ಕಿಂತ ಸ್ವಲ್ಪ ಹಿಂದುಳಿಯುತ್ತದೆ. ಆ ಶೇಕಡಾ 4ರ ಅಂತರವೇ ಸ್ಲಿಪ್. 1 ಎಚ್‌ಪಿ ಎಂದರೆ 746 ವ್ಯಾಟ್. ಅದನ್ನು ಕೋನೀಯ ವೇಗದಿಂದ ಭಾಗಿಸಿದರೆ ಶಾಫ್ಟಿನ ಟಾರ್ಕ್ ಸುಮಾರು 2.5 ನ್ಯೂಟನ್ ಮೀಟರ್. ಈ ಕಡೆಯ ಸೂತ್ರ ಮೆಕ್ಯಾನಿಕಲ್, ಆ ಕಡೆಯದು ಎಲೆಕ್ಟ್ರಿಕಲ್. ಪಟ್ಟಿ ಮಾತ್ರ ಒಂದೇ.

ಸೌದಿಯಲ್ಲಿ ಅದೇ ಪಂಪು

ನಮ್ಮ ಊರುಗಳಿಂದ ಗಲ್ಫ್‌ಗೆ ಹೋಗುವ ಮೆಕ್ಯಾನಿಕಲ್ ಹುಡುಗರಲ್ಲಿ ಅನೇಕರು ಕಟ್ಟಡಗಳ ಎಂಇಪಿ ವಿಭಾಗಕ್ಕೆ ಸೇರುತ್ತಾರೆ. ಮೆಕ್ಯಾನಿಕಲ್, ಎಲೆಕ್ಟ್ರಿಕಲ್, ಪ್ಲಂಬಿಂಗ್ ಮೂರನ್ನೂ ಒಂದೇ ಉಸಿರಿನಲ್ಲಿ ಹೇಳುವ ವಿಭಾಗ ಅದು. ಯುಎಇಯಲ್ಲಿ ನಮ್ಮಲ್ಲಿರುವಂತೆ 50 ಹರ್ಟ್ಸ್. ಸೌದಿ ಅರೇಬಿಯಾದಲ್ಲಿ 60 ಹರ್ಟ್ಸ್.

ಇದರಿಂದ ಏನಾಯಿತು ಎನ್ನಬಹುದು. 50 ಹರ್ಟ್ಸ್‌ಗೆ ಮಾಡಿದ ಪಂಪನ್ನು 60 ಹರ್ಟ್ಸ್‌ಗೆ ಜೋಡಿಸಿದರೆ ವೇಗ ಶೇಕಡಾ 20ರಷ್ಟು ಏರುತ್ತದೆ. ಸೆಂಟ್ರಿಫ್ಯೂಗಲ್ ಪಂಪಿಗೆ ಬೇಕಾದ ಶಕ್ತಿ ವೇಗದ ಘನವನ್ನು ಅನುಸರಿಸುತ್ತದೆ ಎಂದು ಮೆಕ್ಯಾನಿಕಲ್ ವಿದ್ಯಾರ್ಥಿ ಓದಿರುತ್ತಾನೆ. 1.2ರ ಘನ ಸುಮಾರು 1.73. ಅಂದರೆ ಮೋಟಾರಿನ ಮೇಲೆ ಶೇಕಡಾ 73ರಷ್ಟು ಹೆಚ್ಚಿನ ಹೊರೆ. ಇಲ್ಲಿ ಘನದ ನಿಯಮ ಬಲ್ಲವನಿಗೆ ಹರ್ಟ್ಸ್ ಗೊತ್ತಿರಬೇಕು, ಹರ್ಟ್ಸ್ ಬಲ್ಲವನಿಗೆ ಘನದ ನಿಯಮ ಗೊತ್ತಿರಬೇಕು. ಎರಡೂ ಗೊತ್ತಿರುವ ಒಬ್ಬ ಇದ್ದರೆ ಮೋಟಾರು ಉಳಿಯುತ್ತದೆ, ಅವನ ಕೆಲಸವೂ ಗಟ್ಟಿಯಾಗುತ್ತದೆ.

ಎಲೆಕ್ಟ್ರಾನಿಕ್ಸ್ ಎಂದರೆ ಚಿಕ್ಕ ವಾಲ್ವುಗಳು

ಬಾವಿಯೊಳಗಿನ ಪೈಪಿನ ತುದಿಯಲ್ಲಿ ಫೂಟ್ ವಾಲ್ವ್ ಇರುತ್ತದೆ. ನೀರನ್ನು ಮೇಲಕ್ಕೆ ಬಿಡುತ್ತದೆ, ಕೆಳಕ್ಕೆ ಬಿಡುವುದಿಲ್ಲ. ಡಯೋಡ್ ಎಂದರೆ ವಿದ್ಯುತ್ತಿನ ಫೂಟ್ ವಾಲ್ವ್. ಟ್ರಾನ್ಸಿಸ್ಟರ್ ಎಂದರೆ ಚಿಕ್ಕ ಹಿಡಿಯಿಂದ ದೊಡ್ಡ ಹರಿವನ್ನು ತೆರೆದು ಮುಚ್ಚುವ ನಳ್ಳಿ. ಸೆನ್ಸರ್ ಬಿಸಿ, ಒತ್ತಡ, ದೂರಗಳನ್ನು ವೋಲ್ಟೇಜಿಗೆ ತರ್ಜುಮೆ ಮಾಡುತ್ತದೆ. ಮೈಕ್ರೋಕಂಟ್ರೋಲರ್ ಆ ವೋಲ್ಟೇಜನ್ನು ಓದಿ ಯಾವ ನಳ್ಳಿಯನ್ನು ಯಾವಾಗ ತೆರೆಯಬೇಕು ಎಂದು ನಿರ್ಧರಿಸುತ್ತದೆ.

ಮೆಕ್ಯಾನಿಕಲ್ ಮಕ್ಕಳು ಇಲ್ಲಿ ಸಾಮಾನ್ಯವಾಗಿ ಮಾಡುವ ತಪ್ಪು ಒಂದಿದೆ. ಆರ್ಡುಯಿನೋ ಬೋರ್ಡಿನ ಪಿನ್ನಿಗೆ ನೇರವಾಗಿ ಮೋಟಾರನ್ನು ಜೋಡಿಸುತ್ತಾರೆ. ಆ ಪಿನ್ನು ಸುರಕ್ಷಿತವಾಗಿ ಕೊಡುವುದು ಸುಮಾರು 20 ಮಿಲಿಆಂಪಿಯರ್, ಒಂದು ಎಲ್‌ಇಡಿ ಉರಿಸುವಷ್ಟು. ಅಲ್ಲಿಂದ ಬರುವುದು ಅಪ್ಪಣೆ, ಬಲವಲ್ಲ. ನಡುವೆ ಟ್ರಾನ್ಸಿಸ್ಟರ್ ಬೇಕು. ರಿಲೇ ಬಳಸುವುದಾದರೂ ಅದರ ಸುರುಳಿಯನ್ನು ಟ್ರಾನ್ಸಿಸ್ಟರಿನ ಮೂಲಕವೇ ನಡೆಸಬೇಕು. ಮೋಟಾರಿನಲ್ಲೂ ರಿಲೇಯಲ್ಲೂ ಸುರುಳಿ ಇರುವುದರಿಂದ ಅದಕ್ಕೆ ಹಿಮ್ಮುಖವಾಗಿ ಒಂದು ಡಯೋಡ್ ಹಾಕಬೇಕು. ಫ್ಲೈವೀಲಿನ ಪೆಟ್ಟು ನೆನಪಿದೆಯಲ್ಲ? ಆ ಪೆಟ್ಟು ಬೋರ್ಡಿಗೆ ಬೀಳದಂತೆ ಡಯೋಡ್ ತಡೆಯುತ್ತದೆ.

ಜೀವದ ಪ್ರಶ್ನೆ

ಇಷ್ಟೆಲ್ಲ ಕೆಲಸ ಮತ್ತು ಸಂಬಳದ ಮಾತಾಯಿತು. ಅದಕ್ಕಿಂತ ದೊಡ್ಡ ಮಾತು ಜೀವದ್ದು. ಮಳೆಗಾಲದಲ್ಲಿ ನಮ್ಮ ಮನೆಗಳ ಗೋಡೆ ಒದ್ದೆ, ನೆಲ ಒದ್ದೆ, ಕೈ ಒದ್ದೆ. ಒದ್ದೆ ಮೈಯ ರೋಧ ಸುಮಾರು 1000 ಓಮ್‌ಗೆ ಇಳಿಯಬಹುದು. 230 ವೋಲ್ಟನ್ನು 1000ದಿಂದ ಭಾಗಿಸಿದರೆ 230 ಮಿಲಿಆಂಪಿಯರ್. ಹೃದಯವನ್ನು ನಿಲ್ಲಿಸಲು ಇದು ಧಾರಾಳ.

"ಎಂಸಿಬಿ ಇದೆಯಲ್ಲ, ಬೀಳುತ್ತದೆ" ಎಂದು ಅನೇಕರು ನಂಬಿದ್ದಾರೆ. 6 ಆಂಪಿಯರಿನ ಎಂಸಿಬಿಗೆ ಕಾಲು ಆಂಪಿಯರ್ ಲೆಕ್ಕಕ್ಕೇ ಇಲ್ಲ. ಎಂಸಿಬಿ ಕಾಯುವುದು ತಂತಿಯನ್ನು. ಮನುಷ್ಯನನ್ನು ಕಾಯಲು ಇರುವುದು 30 ಮಿಲಿಆಂಪಿಯರಿನ ಆರ್‌ಸಿಸಿಬಿ. ಅದರ ತತ್ವ ಮೆಕ್ಯಾನಿಕಲ್ ವಿದ್ಯಾರ್ಥಿಗೆ ಚಿರಪರಿಚಿತ: ಪೈಪಿನೊಳಗೆ ಹೋದಷ್ಟು ನೀರು ಹೊರಗೆ ಬರಬೇಕು, ಬರದಿದ್ದರೆ ನಡುವೆ ಎಲ್ಲೋ ಸೋರುತ್ತಿದೆ. ಹೋದ ಪ್ರವಾಹವನ್ನೂ ಮರಳಿದ ಪ್ರವಾಹವನ್ನೂ ಆರ್‌ಸಿಸಿಬಿ ತಾಳೆ ನೋಡುತ್ತದೆ. ವ್ಯತ್ಯಾಸ ಕಂಡರೆ ಕಣ್ಣು ಮಿಟುಕಿಸುವುದರೊಳಗೆ ಕಡಿದುಬಿಡುತ್ತದೆ. ಮೂರು ಪಿನ್ನಿನ ಪ್ಲಗ್ಗಿನಲ್ಲಿ ಅರ್ಥಿಂಗ್ ಪಿನ್ನು ಉದ್ದವಾಗಿರುವುದೂ ಇದೇ ಕಾಳಜಿಯಿಂದ: ಪ್ಲಗ್ ಹಾಕುವಾಗ ರಕ್ಷಣೆ ಮೊದಲು ಬರಬೇಕು, ತೆಗೆಯುವಾಗ ಕೊನೆಗೆ ಹೋಗಬೇಕು. ಆ ಪಿನ್ನನ್ನು ಮುರಿದು ಎರಡು ಪಿನ್ನಿನ ಸಾಕೆಟ್ಟಿಗೆ ತುರುಕುವುದು ನಮ್ಮ ಮನೆಗಳಲ್ಲಿ ಇನ್ನೂ ನಡೆಯುತ್ತಿದೆ. ಇಂಜಿನಿಯರಿಂಗ್ ಓದುವ ಮಗನೋ ಮಗಳೋ ಇರುವ ಮನೆಯಲ್ಲಾದರೂ ಅದು ನಿಲ್ಲಬೇಕು. ಆ ಮನೆಯ ಬೋರ್ಡಿನಲ್ಲಿ ಆರ್‌ಸಿಸಿಬಿ ಇದೆಯೇ, ಅದರ ಟೆಸ್ಟ್ ಗುಂಡಿ ಒತ್ತಿದರೆ ಬೀಳುತ್ತದೆಯೇ ಎಂದು ಅವರೇ ನೋಡಲಿ.

ಕಲಿಯುವ ದಾರಿ

ಮೂರು ತಿಂಗಳು, ವಾರಕ್ಕೆ ನಾಲ್ಕೈದು ಗಂಟೆ ಕೊಟ್ಟರೆ ಒಳ್ಳೆಯ ಬುನಾದಿ ಸಿಗುತ್ತದೆ ಎಂಬುದು ನಮ್ಮ ಅನುಭವ.

ಮೊದಲ ತಿಂಗಳು ಬ್ಯಾಟರಿ ಮಾತ್ರ. ಒಂದು ಸಾಧಾರಣ ಮಲ್ಟಿಮೀಟರ್, 9 ವೋಲ್ಟ್ ಬ್ಯಾಟರಿ, ಕೆಲವು ರೆಸಿಸ್ಟರ್, ಎಲ್‌ಇಡಿ ಸಾಕು. ಕೆಂಪು ಎಲ್‌ಇಡಿಗೆ ಸುಮಾರು 2 ವೋಲ್ಟ್, 15 ಮಿಲಿಆಂಪಿಯರ್ ಬೇಕು. ಉಳಿದ 7 ವೋಲ್ಟನ್ನು 0.015ರಿಂದ ಭಾಗಿಸಿದರೆ 467. ಅಂಗಡಿಯಲ್ಲಿ ಸಿಗುವುದು 470 ಓಮ್. ಮೊದಲು ಕಾಗದದ ಮೇಲೆ ಲೆಕ್ಕ, ಆಮೇಲೆ ಮೀಟರಿನಲ್ಲಿ ಅಳತೆ. ಎರಡೂ ತಾಳೆಯಾದ ದಿನ ಸಿಗುವ ಧೈರ್ಯ ದೊಡ್ಡದು. ಒಂದು ಎಚ್ಚರಿಕೆ: ಮೀಟರಿನ ಕೆಂಪು ತಂತಿ 10 ಆಂಪಿಯರಿನ ತೂತಿನಲ್ಲಿರುವಾಗ ವೋಲ್ಟೇಜ್ ಅಳೆಯಲು ಹೋಗಬಾರದು. ಅದು ನೇರ ಶಾರ್ಟ್ ಸರ್ಕ್ಯೂಟ್.

ಎರಡನೇ ತಿಂಗಳು ಎಸಿ ಮತ್ತು ಮೋಟಾರುಗಳ ಪಾಠ. ಇದನ್ನು ಪುಸ್ತಕದಿಂದಲೂ ಕಾಲೇಜಿನ ಲ್ಯಾಬಿನಲ್ಲಿಯೂ ಕಲಿಯಬೇಕು. ಮನೆಯ 230 ವೋಲ್ಟಿನ ಲೈನಿನಲ್ಲಿ ಒಬ್ಬರೇ ಪ್ರಯೋಗ ಮಾಡಲೇಬಾರದು. ದ್ವಿತೀಯ ಪಿಯುಸಿ ಭೌತಶಾಸ್ತ್ರದ ಪುಸ್ತಕವನ್ನು ಮತ್ತೆ ತೆರೆದರೆ ಬೇಕಾದ್ದರಲ್ಲಿ ಬಹುಪಾಲು ಅಲ್ಲೇ ಇದೆ. ಐಐಟಿ ಮತ್ತು ಭಾರತೀಯ ವಿಜ್ಞಾನ ಸಂಸ್ಥೆಯ ಅಧ್ಯಾಪಕರ ಪಾಠಗಳು ಎನ್‌ಪಿಟಿಇಎಲ್‌ನಲ್ಲಿ ಉಚಿತವಾಗಿ ನೋಡಸಿಗುತ್ತವೆ. ಊರಿನ ಅನುಭವಿ ವಯರಿಂಗ್ ಕೆಲಸದವರ ಜೊತೆ ರಜೆಯಲ್ಲಿ ಹತ್ತು ದಿನ ಹೋಗಿ, ಟೂಲ್ ಕೊಡುತ್ತಾ ನೋಡಿ ಕಲಿಯುವುದರಲ್ಲಿ ಇಂಜಿನಿಯರಿಂಗ್ ವಿದ್ಯಾರ್ಥಿಗೆ ಯಾವ ಕಡಿಮೆಯೂ ಇಲ್ಲ.

ಮೂರನೇ ತಿಂಗಳು ಒಂದು ಚಿಕ್ಕ ಯಂತ್ರ. ಎರಡು ಬಕೆಟ್, 12 ವೋಲ್ಟಿನ ಚಿಕ್ಕ ಪಂಪು, ನೀರಿನ ಮಟ್ಟ ತಿಳಿಸುವ ಫ್ಲೋಟ್ ಸ್ವಿಚ್, ರಿಲೇ, ಒಂದು ಮೈಕ್ರೋಕಂಟ್ರೋಲರ್. ಮೇಲಿನ ಬಕೆಟ್ ಖಾಲಿಯಾದರೆ ಪಂಪು ತಾನೇ ಓಡಬೇಕು, ತುಂಬಿದರೆ ತಾನೇ ನಿಲ್ಲಬೇಕು. ಸಾಮಾನು ತರುವ ಮೊದಲು ಟಿಂಕರ್‌ಕ್ಯಾಡ್ ಎಂಬ ಉಚಿತ ತಂತ್ರಾಂಶದಲ್ಲಿ ಸರ್ಕ್ಯೂಟನ್ನು ಜೋಡಿಸಿ ನೋಡಬಹುದು. ಅಲ್ಲಿ ಸುಟ್ಟರೆ ನಷ್ಟವಿಲ್ಲ.

ಹೆತ್ತವರಿಗೆ ನಮ್ಮ ಒಂದು ಮಾತು. ಮಕ್ಕಳ ಅಂಕಪಟ್ಟಿಯನ್ನು ಕೇಳುವುದರ ಜೊತೆಗೆ, ಮನೆಯ ಮೋಟಾರಿನ ಮೇಲಿನ ಪಟ್ಟಿಯನ್ನು ತೋರಿಸಿ ಇದರ ಅರ್ಥವೇನು ಎಂದೂ ಕೇಳಿ. ಉತ್ತರ ಬಾರದಿದ್ದರೆ ಗದರಬೇಡಿ. ನಮಗೂ ಬಂದಿರಲಿಲ್ಲ. ನೀರಿಲ್ಲದ ಒಂದು ದಿನ ಮತ್ತು ಕಾಕನ ಒಂದು ಮಾತು ಬೇಕಾಯಿತು. ಈಗಲೂ ಯಾವ ಯಂತ್ರ ನಿಂತರೂ ನಾವು ಮೊದಲು ಕರೆಂಟ್ ತೆಗೆಯುತ್ತೇವೆ, ಆಮೇಲೆ ಶಾಫ್ಟನ್ನು ಕೈಯಲ್ಲಿ ತಿರುಗಿಸಿ ನೋಡುತ್ತೇವೆ.